ಸೀಸೆಯೊಳಗಿನ ಸೀಸ

ವಿರಾಜಪೇಟೆ ಕಡೆಯ ಗೆಳೆಯನೊಬ್ಬನ ಮನೆಯ ಗಾಜಿನ ಬೀರುವಿನಲ್ಲಿ ಹಳೆಯ ಹಾರ್ಲಿಕ್ಸ್ ಸೀಸೆಯೊಂದಿದೆ. ಅದರೊಳಗೆ ಏಳು ಲೋಹದ ತುಂಡುಗಳು. ಒಂದು ಅಣಬೆಯ ಹಾಗೆ ತಲೆ ಬಿರಿದು ನಿಂತಿದೆ. ಒಂದು ಚಪ್ಪಟೆಯಾಗಿ ಹಳೇ ಕಾಲದ ನಾಲ್ಕಾಣೆಯಂತಾಗಿದೆ. ಇನ್ನೊಂದರ ತಾಮ್ರದ ಹೊದಿಕೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಹಿಂದಕ್ಕೆ ಮಡಚಿಕೊಂಡಿದೆ. 1972ರಲ್ಲಿ ವನ್ಯಜೀವಿ ಕಾಯ್ದೆ ಬರುವುದಕ್ಕೆ ಮುಂಚೆ ಅವನ ಅಜ್ಜ ಹಂದಿ, ಕಡವೆಗಳ ಮೈಯಿಂದ ಕತ್ತಿಯ ತುದಿಯಲ್ಲಿ ಎಬ್ಬಿ ತೆಗೆದಿಟ್ಟವು. ಬಂದವರಿಗೆ ಅವನ್ನು ಅಂಗೈಮೇಲೆ ಸುರಿದು ತೋರಿಸುತ್ತ ಅಜ್ಜ ಹೇಳುತ್ತಿದ್ದದ್ದು ಒಂದೇ ಮಾತಂತೆ: “ಇವೆಲ್ಲ ಕೈಕೊಟ್ಟ ಗುಂಡುಗಳು. ಒಂದೂ ಆಚೆ ಪಕ್ಕಕ್ಕೆ ಹಾಯಲಿಲ್ಲ.”

ಆ ಏಳೂ ಪ್ರಾಣಿಗಳು ಸತ್ತಿದ್ದವಲ್ಲ ಅಜ್ಜಾ, ಮತ್ತೆ ಗುಂಡು ಕೈಕೊಟ್ಟದ್ದು ಹೇಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಈ ಮಾತು ಕೊಡಗಿನದ್ದಷ್ಟೇ ಅಲ್ಲ. ಅಮೆರಿಕ, ಕೆನಡಾ, ಸ್ವೀಡನ್‌ನಂಥ ಬೇಟೆ ಕಾನೂನುಬದ್ಧವಾಗಿರುವ ದೇಶಗಳಲ್ಲೂ ಶಿಕಾರಿಗಳು ಸತ್ತ ಜಿಂಕೆಯ ಪಕ್ಕದಲ್ಲಿ ಕೂತು ಗುಂಡನ್ನು ಬಯ್ಯುತ್ತಾರೆ. ಅವರ ಅನುಭವ ಸುಳ್ಳಲ್ಲ. ಆದರೆ ಅದು ಸೀಸೆಗೆ ಬಿದ್ದ ಗುಂಡುಗಳ ಅನುಭವ. ಮೈಯನ್ನು ತೂರಿ ಆಚೆ ಹೋದ ಗುಂಡು ಕಾಡಿನ ಮಣ್ಣಿನಲ್ಲಿ ಹೂತಿರುತ್ತದೆ, ಅದನ್ನು ಯಾರೂ ಹುಡುಕುವುದಿಲ್ಲ. ತಪ್ಪಿಸಿಕೊಂಡ ಪ್ರಾಣಿಯೊಳಗಿನ ಗುಂಡು ನಿಜಕ್ಕೂ ಕೈಕೊಟ್ಟದ್ದು, ಅದೂ ಯಾರ ಕಣ್ಣಿಗೂ ಬೀಳುವುದಿಲ್ಲ. ಮಿಕ್ಕದ್ದು ಆಚೆ ಪಕ್ಕದ ಚರ್ಮದಡಿ ಸಿಕ್ಕಿಕೊಂಡದ್ದು ಮಾತ್ರ. ಅದು ಅಲ್ಲೇ ನಿಲ್ಲುವುದಕ್ಕೂ ಕಾರಣವಿದೆ. ಚರ್ಮ ಹಿಗ್ಗುವ ವಸ್ತು. ದಣಿದು ಬಂದ ಗುಂಡಿನ ಮುಂದೆ ಡೇರೆಯ ಬಟ್ಟೆಯಂತೆ ಉಬ್ಬಿ, ಅದನ್ನು ಹಿಡಿದು ನಿಲ್ಲಿಸಿಬಿಡುತ್ತದೆ.

ಗುಂಡಿನ ವಿಷಯದಲ್ಲಿ ಎಲ್ಲರೂ ಮೊದಲು ಆಡುವುದು ಹೊಡೆತದ ಮಾತು. ‘ಅಂಥ ಏಟಿಗೆ ಪ್ರಾಣಿ ಎಗರಿ ಬಿತ್ತು’ ಅನ್ನುತ್ತಾರೆ. ಒಂದು ಸಣ್ಣ ಲೆಕ್ಕ ಮಾಡೋಣ. ಅಮೆರಿಕದ ಜಿಂಕೆ ಬೇಟೆಯಲ್ಲಿ ಬಹಳ ಬಳಕೆಯಲ್ಲಿರುವ ‘ಥರ್ಟಿ-ಆಟ್-ಸಿಕ್ಸ್’ ತೋಟಾದ ಒಂದು ಗುಂಡು ಸುಮಾರು 9.7 ಗ್ರಾಂ ತೂಗುತ್ತದೆ, ಅಂದರೆ ಒಂದು ತೊಲಕ್ಕೂ ಕಡಿಮೆ. ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 880 ಮೀಟರ್, ಶಕ್ತಿ ಸುಮಾರು 3,750 ಜೂಲ್. ಆದರೆ ನೂಕಿನ (ಸಂವೇಗದ) ಲೆಕ್ಕ ಬೇರೆ, ಅದು ತೂಕ ಮತ್ತು ವೇಗಗಳ ಗುಣಲಬ್ಧ. ಈ ಗುಂಡು 70 ಕಿಲೋ ತೂಗುವ ಜಿಂಕೆಯೊಳಗೆ ಪೂರ್ತಿ ನಿಂತರೂ ಜಿಂಕೆಗೆ ಸಿಗುವ ವೇಗ ಸೆಕೆಂಡಿಗೆ ಬರೀ 12 ಸೆಂಟಿಮೀಟರ್. ಮಗು ಅಂಬೆಗಾಲಿಡುವುದು ಇದಕ್ಕಿಂತ ಜೋರು. ಅದೂ ಅಲ್ಲದೆ, ಗುಂಡು ಮುಂದಕ್ಕೆ ಒಯ್ಯುವಷ್ಟೇ ನೂಕನ್ನು ಕೋವಿಯ ಹಿಡಿ ಹೊಡೆದವನ ಭುಜಕ್ಕೂ ಕೊಟ್ಟಿರುತ್ತದೆ. ಅವನು ಎಗರಿ ಬೀಳುವುದಿಲ್ಲವಲ್ಲ! ಜಿಂಕೆ ನಿಂತಲ್ಲೇ ಕುಸಿದರೆ ಅದು ಏಟಿನ ಭಾರಕ್ಕಲ್ಲ, ಮಿದುಳಿಗೋ ಬೆನ್ನುಹುರಿಗೋ ಪೆಟ್ಟು ತಗುಲಿದ್ದಕ್ಕೆ.

ಬಹುಪಾಲು ಜಿಂಕೆಗಳು ಹಾಗೆ ಕುಸಿಯುವುದೂ ಇಲ್ಲ. ಗುಂಡು ಹೃದಯವನ್ನೇ ಸೀಳಿಕೊಂಡು ಹೋದರೂ ಮಿದುಳಿನಲ್ಲಿ ಉಳಿದ ಆಮ್ಲಜನಕ ಹತ್ತು ಹದಿನೈದು ಸೆಕೆಂಡು ಸಾಕಾಗುತ್ತದೆ. ಬೆದರಿದ ಜಿಂಕೆಗೆ ನೂರು ಮೀಟರ್ ಓಡಲು ಅಷ್ಟು ಹೊತ್ತು ಧಾರಾಳ. ಹೊಸಬ ‘ತಪ್ಪಿತು’ ಅಂದುಕೊಂಡು ಕೈಚೆಲ್ಲುತ್ತಾನೆ. ಅನುಭವಿ ಮಾತ್ರ ಜಿಂಕೆ ನಿಂತಿದ್ದ ಜಾಗಕ್ಕೆ ಹೋಗಿ ಎಲೆಗಳ ಮೇಲಿನ ರಕ್ತ ನೋಡುತ್ತಾನೆ. ತಿಳಿಗೆಂಪಾಗಿ, ಸಣ್ಣ ಗುಳ್ಳೆಗಳಿಂದ ನೊರೆ ನೊರೆಯಾಗಿದ್ದರೆ ಶ್ವಾಸಕೋಶ, ಪ್ರಾಣಿ ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪುಗೆಂಪಾಗಿದ್ದರೆ ಲಿವರ್, ಸ್ವಲ್ಪ ಹೊತ್ತು ಕಾಯಬೇಕು. ಹಸಿರು ಬಣ್ಣದ ಅರೆಜೀರ್ಣ ಹುಲ್ಲು, ಹುಳಿ ನಾತ ಇದ್ದರೆ ಗುಂಡು ಹೊಟ್ಟೆಗೆ ಬಿದ್ದಿದೆ. ಆಗ ಬೆನ್ನಟ್ಟುವುದು ಮೂರ್ಖತನ, ಗಂಟೆಗಟ್ಟಲೆ ಕಾದು ಆಮೇಲೆ ಜಾಡು ಹಿಡಿಯಬೇಕು. ಹೊಟ್ಟೆಗೆ ಬಿದ್ದ ಗುಂಡು ಎಷ್ಟೇ ದುಬಾರಿಯದಾದರೂ ಪ್ರಾಣಿಗೆ ದೀರ್ಘ ಯಾತನೆಯೇ. ಬೇಟೆ ನನಗೆ ಇಷ್ಟವಾದ ಸಂಗತಿಯಲ್ಲ. ಆದರೆ ರಕ್ತವನ್ನು ಹೀಗೆ ಓದುವ ವಿದ್ಯೆಯ ಮುಂದೆ ಬೆರಗಾಗದೆ ಇರಲಾರೆ.

ಗುಂಡು ಒಳಗೆ ಮಾಡುವ ಕೆಲಸ ತಿಳಿಯಬೇಕಾದರೆ ತೆಂಗಿನಕಾಯಿ ಒಳ್ಳೆಯ ಉದಾಹರಣೆ. ಕೈಲ್ ಪೊಳ್ದ್ ಹಬ್ಬದಲ್ಲಿ ಎತ್ತರದ ಮರದ ತುದಿಗೆ ಕಾಯಿ ಕಟ್ಟಿ ಗುಂಡು ಹೊಡೆಯುವುದು ಕೊಡಗಿನ ಹಳೆಯ ಆಟ. ಭಾರೀ ವೇಗದ ರೈಫಲ್ ಗುಂಡು ನೀರು ತುಂಬಿದ ಕಾಯಿಯೊಳಗೆ ನುಗ್ಗಿದರೆ ನೀರಿಗೆ ಕುಗ್ಗಲು ಬರುವುದಿಲ್ಲ, ಪಕ್ಕಕ್ಕೆ ಸರಿಯಲು ಜಾಗವೂ ಇಲ್ಲ. ಕಾಯಿ ಸಿಡಿದು ಚೂರಾಗುತ್ತದೆ. ಅದೇ ಗುಂಡು ಒಣಗಿದ ಕೊಬ್ಬರಿ ಗಿಟುಕಿಗೆ ಬಿದ್ದರೆ ಎರಡು ತೂತು ಮಾಡಿ ಹೊರಟುಹೋಗಬಹುದು. ಪ್ರಾಣಿಯ ದೇಹದಲ್ಲಿ ಲಿವರ್ ಎಂಬುದು ನೀರು ತುಂಬಿದ ಕಾಯಿಯ ಜಾತಿ. ಹಿಗ್ಗುವ ಗುಣ ಅದಕ್ಕಿಲ್ಲ, ಹರಿದುಹೋಗುತ್ತದೆ. ಗಾಳಿ ತುಂಬಿದ ಸ್ಪಂಜಿನಂಥ ಶ್ವಾಸಕೋಶ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ, ಗುಂಡು ನೇರವಾಗಿ ಅರೆದ ಭಾಗವಷ್ಟೇ ಹಾಳು. ಗುಂಡಿನ ಹಿಂದೆ ಕ್ಷಣಮಾತ್ರ ತೆರೆದುಕೊಂಡು ಮುಚ್ಚಿಹೋಗುವ ಈ ಪೊಳ್ಳನ್ನು ತಾತ್ಕಾಲಿಕ ಕುಹರ ಎನ್ನುತ್ತಾರೆ. ಉಳಿದುಕೊಳ್ಳುವ ಸುರಂಗ ಶಾಶ್ವತ ಕುಹರ. ವೇಗದ ಗುಂಡಿನ ‘ಶಾಕ್’ ಒಂದೇ ಸಾಕು, ಅದು ಎಲ್ಲಿ ಬಿದ್ದರೂ ಪ್ರಾಣಿ ಸಾಯುತ್ತದೆ ಎಂದು ವಾದಿಸುವವರು ಗಿಟುಕನ್ನು ಮರೆತಿರುತ್ತಾರೆ.

ಹಳೆಯ ಕರಿಮದ್ದಿನ ಕಾಲದಲ್ಲಿ ಈ ಚರ್ಚೆಯೇ ಇರಲಿಲ್ಲ. ವೇಗ ಸೆಕೆಂಡಿಗೆ 400 ಮೀಟರ್‌ನ ಆಸುಪಾಸು, ಅದನ್ನು ಬಹಳ ಹೆಚ್ಚಿಸುವ ದಾರಿ ಇಲ್ಲ. ಆದ್ದರಿಂದ ಗುಂಡನ್ನೇ ದಪ್ಪ ಮಾಡುತ್ತಿದ್ದರು. ನಮ್ಮಲ್ಲಿ ಈಗಲೂ ಹೇಳುವ ‘12 ಬೋರ್’ ಆ ಕಾಲದ ಲೆಕ್ಕ: ಒಂದು ಪೌಂಡ್ ಸೀಸದಲ್ಲಿ ನಳಿಗೆಗೆ ಕೂರುವಂಥ 12 ಉಂಡೆಗಳು. ಆನೆಗೆ 4 ಬೋರ್ ಕೋವಿ, ಅಂದರೆ ಒಂದೊಂದು ಉಂಡೆ ಕಾಲು ಪೌಂಡ್! 1886ರಲ್ಲಿ ಫ್ರಾನ್ಸ್ ಹೊಗೆಯಿಲ್ಲದ ಮದ್ದಿನ ಲೆಬೆಲ್ ರೈಫಲ್ ತಂದಾಗ ವೇಗ ಏಕಾಏಕಿ ಏರಿತು. ಮೆತ್ತನೆಯ ಸೀಸ ಆ ವೇಗಕ್ಕೆ ನಳಿಗೆಯೊಳಗೇ ಸವೆದು ಮೆತ್ತಿಕೊಳ್ಳುವುದರಿಂದ ಗುಂಡಿಗೆ ಗಟ್ಟಿ ಲೋಹದ ಅಂಗಿ ತೊಡಿಸಬೇಕಾಯಿತು. ಅಂಗಿ ತೊಟ್ಟ ಸಣ್ಣ ಗುಂಡು ಸೂಜಿಯಂತೆ ತೂರಿಹೋಗುತ್ತದೆ, ತಗುಲಿದವನು ನಿಲ್ಲುವುದಿಲ್ಲ ಎಂದು ವಾಯವ್ಯ ಗಡಿಯಲ್ಲಿದ್ದ ಬ್ರಿಟಿಷ್ ಸೈನಿಕರು ದೂರಿದರು. ಕಲ್ಕತ್ತಾದ ಪಕ್ಕದ ಡಮ್‌ಡಮ್ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಆ ಅಂಗಿಯ ಮೂತಿಯನ್ನು ಬಿಚ್ಚಿ, ಸೀಸ ಹೊರಗೆ ಕಾಣುವ ಗುಂಡು ತಯಾರಿಸಿದ. ಒಳಹೊಕ್ಕ ಕೂಡಲೇ ಅದು ಅರಳಿಕೊಳ್ಳುತ್ತಿತ್ತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಇಂಥ ಗುಂಡುಗಳನ್ನು ನಿಷೇಧಿಸಿತು.

ಬೇಟೆಯಲ್ಲಿ ಇದು ತಿರುಗುಮುರುಗಾಗಿದೆ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆಯ ಪ್ರಕಾರ ಜಿಂಕೆಗೆ ರೈಫಲ್ ಹೊಡೆಯುವವರು ಮೆತ್ತನೆ ಮೂತಿಯ ಅಥವಾ ಪೊಳ್ಳು ಮೂತಿಯ ಗುಂಡನ್ನೇ ಬಳಸಬೇಕು. ಮನುಷ್ಯನಿಗೆ ಕ್ರೌರ್ಯ ಎನಿಸಿದ್ದು ಜಿಂಕೆಗೆ ಕರುಣೆ! ತಮಾಷೆಯಂತೆ ಕಂಡರೂ ತರ್ಕವಿದೆ. ಸೈನಿಕ ಗಾಯಗೊಂಡರೆ ವೈದ್ಯರಿದ್ದಾರೆ, ಜಿಂಕೆಗೆ ಇಲ್ಲ. ಅದು ಬೇಗ ಸಾಯಬೇಕು.

ಬೇಗ ಅರಳಿದರೆ ಗಾಯ ಅಗಲ, ಆದರೆ ಆಳ ಕಡಿಮೆ. ಅರಳದಿದ್ದರೆ ಆಳ, ಆದರೆ ಗಾಯ ಕಿರಿದು. ಗುಂಡು ತಯಾರಕರ ನೂರು ವರ್ಷದ ಪರದಾಟವೆಲ್ಲ ಈ ಎರಡರ ನಡುವೆ. 1946ರಲ್ಲಿ ಜಾನ್ ನೋಸ್ಲರ್ ಎಂಬ ಅಮೆರಿಕನ್, ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ಮೂಸ್ ಬೇಟೆಗೆ ಹೋಗಿದ್ದ. ಮೂಸ್ ಎಂದರೆ ನಮ್ಮ ಕಡವೆಯ ದೈತ್ಯ ಬಂಧು, ಕುದುರೆಯಷ್ಟು ಎತ್ತರ. ಎದುರಿಗೆ ಸಿಕ್ಕ ಗಂಡು ಮೂಸ್‌ನ ಮೈಮೇಲೆ ಕೆಸರು ಗಾರೆಯಂತೆ ಒಣಗಿತ್ತು. ನೋಸ್ಲರನ ಮ್ಯಾಗ್ನಂ ರೈಫಲಿನ ಅತಿವೇಗದ ಗುಂಡುಗಳು ಮೇಲುಮೇಲಕ್ಕೇ ಒಡೆದು ಪುಡಿಯಾದವು, ಒಳಗಿಳಿಯಲಿಲ್ಲ. ನಿಧಾನದ ರೈಫಲಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಗುಂಡಿನ ರಚನೆಯೇ ವೇಗ ಏರಿದಾಗ ಕೆಟ್ಟಿತ್ತು. ಮನೆಗೆ ಬಂದವನೇ ತಾಮ್ರದ ಸರಳು ಕೊರೆದು ಹೊಸ ಗುಂಡು ಮಾಡಿದ. ನಡುವೆ ತಾಮ್ರದ ಅಡ್ಡಗೋಡೆ, ಗೋಡೆಯ ಮುಂದೊಂದು ಹಿಂದೊಂದು ಸೀಸದ ಕೋಣೆ. ಮುಂದಿನ ಕೋಣೆ ಅರಳಿ ಚೂರಾದರೂ ಹಿಂದಿನದು ಹಾಗೇ ಉಳಿದು ಮುಂದೆ ಕೊರೆಯುತ್ತದೆ. ‘ಪಾರ್ಟಿಶನ್’ ಎಂಬ ಹೆಸರಿನಲ್ಲಿ 1948ರಿಂದ ಮಾರಾಟಕ್ಕೆ ಬಂದ ಅದು ಈಗಲೂ ಬಳಕೆಯಲ್ಲಿದೆ. ಸೀಸೆಯ ಅಜ್ಜನಿಗಿಂತ ನೋಸ್ಲರ್ ಭಿನ್ನನಾದದ್ದು ಇಲ್ಲಿ: ಅವನು ಕಂಡದ್ದು ಪ್ರಾಣಿಯನ್ನು ಕೆಡವದೆ ಹೋದ ಗುಂಡುಗಳನ್ನು.

ಇದಕ್ಕೆ ವಿರುದ್ಧ ಧ್ರುವದಲ್ಲಿ ಸ್ಕಾಟ್ಲೆಂಡಿನ ವಾಲ್ಟರ್ ಬೆಲ್ ಇದ್ದಾನೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದವನು, ಬಹುಪಾಲನ್ನು 7 ಮಿಲಿಮೀಟರಿನ ಪುಟ್ಟ ಗುಂಡಿನಿಂದ. ಪೂರ್ತಿ ಅಂಗಿ ತೊಟ್ಟ, ಅರಳದ ಉದ್ದನೆಯ ಗುಂಡು. ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ, ಮಿದುಳು ಎಲ್ಲಿ ಅಡಗಿದೆ ಎಂದು ಮನದಟ್ಟು ಮಾಡಿಕೊಂಡಿದ್ದ. ಆ ಲೆಕ್ಕ ನೆನೆದರೆ ಹೊಟ್ಟೆ ತೊಳಸುತ್ತದೆ. ಅದೇ ಅಳತೆಯ ಹಗುರ ರೈಫಲೊಂದನ್ನು 1907ರಲ್ಲಿ ಚಂಪಾವತ್ ಹುಲಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಕೊಟ್ಟರು. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ನಂಬಿದ್ದು ಮಾತ್ರ ದಪ್ಪ ಗುಂಡಿನ .405 ವಿಂಚೆಸ್ಟರನ್ನು. ಅಮೆರಿಕದಲ್ಲಿ ಇದೇ ಜಗಳ ಇಬ್ಬರು ಬೇಟೆ ಬರಹಗಾರರ ನಡುವೆ ದಶಕಗಳ ಕಾಲ ನಡೆಯಿತು. ಭಾರದ ನಿಧಾನ ಗುಂಡೇ ಸರಿ ಎಂದು ಎಲ್ಮರ್ ಕೀತ್, ಹಗುರದ ವೇಗದ ಗುಂಡೇ ಸರಿ ಎಂದು ಜ್ಯಾಕ್ ಓಕಾನರ್. ಇಬ್ಬರೂ ನುರಿತ ಗುರಿಕಾರರು. ಸರಿಯಾದ ಜಾಗಕ್ಕೆ ಹೊಡೆಯುವವನ ಕೈಯಲ್ಲಿ ಎರಡು ಬಗೆಯ ಗುಂಡೂ ಗೆಲ್ಲುತ್ತವೆ, ಹಾಗಾಗಿ ಇಬ್ಬರ ಅನುಭವವೂ ಆಯಾ ವಾದಕ್ಕೆ ಸಾಕ್ಷಿಯಾಯಿತು.

ಬೆಂಕಿ ಸುತ್ತ ಕೂತು ಆಡುವ ಮಾತನ್ನು ಅಳತೆಗೆ ತಂದವರಲ್ಲಿ ಮಾರ್ಟಿನ್ ಫ್ಯಾಕ್ಲರ್ ಮುಖ್ಯ. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ ಅಮೆರಿಕದ ಸೇನಾ ವೈದ್ಯ. 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಲೆಟರ್‌ಮನ್ ಸಂಸ್ಥೆಯ ಪ್ರಯೋಗಾಲಯದಲ್ಲಿ, ಶೇಕಡಾ 10ರ ಜೆಲಟಿನ್ ದ್ರಾವಣವನ್ನು ಹೆಪ್ಪುಗಟ್ಟಿಸಿ, 4 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ ಗುಂಡು ಹೊಡೆದು ನೋಡಿದ. ಮಾಂಸಖಂಡಕ್ಕೆ ಹತ್ತಿರದ ಗುಣವುಳ್ಳ ಆ ಹೊಂಬಣ್ಣದ ಗಟ್ಟಿಯೊಳಗೆ ಗುಂಡಿನ ದಾರಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಆದರೆ ಜೆಲಟಿನ್ನಿಗೆ ಪಕ್ಕೆಲುಬಿಲ್ಲ, ಒಣಗಿದ ಕೆಸರಿಲ್ಲ, ಗುಂಡು ಬರುವ ಹೊತ್ತಿಗೆ ಅದು ತಿರುಗಿ ನಿಲ್ಲುವುದೂ ಇಲ್ಲ.

ಸೀಸದ ಇನ್ನೊಂದು ಮುಖವನ್ನು ಬಯಲಿಗೆ ತಂದದ್ದು ಎಕ್ಸ್‌-ರೇ. ಅಮೆರಿಕದ ವ್ಯೋಮಿಂಗ್‌ನಲ್ಲಿ ಸೀಸದ ಗುಂಡಿನಿಂದ ಕೊಂದ 30 ಜಿಂಕೆಗಳನ್ನು ಎಕ್ಸ್‌-ರೇಗೆ ಹಿಡಿದು 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಷ್ಟೂ ಜಿಂಕೆಗಳಲ್ಲಿ ಲೋಹದ ಚೂರುಗಳಿದ್ದವು, ಕನಿಷ್ಠ 15ರಿಂದ ಗರಿಷ್ಠ 409ರವರೆಗೆ. ಗಾಯದ ಸುತ್ತಲಿನ ಮಾಂಸ ಕತ್ತರಿಸಿ ಎಸೆದರೆ ಆಯಿತು ಎಂದು ಎಲ್ಲರೂ ನಂಬಿದ್ದರು. ಆದರೆ ಅಂಗಡಿಯಲ್ಲಿ ಹದ ಮಾಡಿಸಿ ತಂದ ಕೈಮಾ ಪೊಟ್ಟಣಗಳಲ್ಲೂ ಸುಮಾರು ಮೂರರಲ್ಲೊಂದರಲ್ಲಿ ಚೂರುಗಳು ಸಿಕ್ಕವು. ಪ್ರಯೋಗಕ್ಕೆಂದು ಆ ಮಾಂಸ ತಿನ್ನಿಸಿದ ಹಂದಿಗಳ ರಕ್ತದಲ್ಲಿ ಸೀಸ ಏರಿತು. ಬೇಟೆಗಾರರು ಕಾಡಿನಲ್ಲೇ ಬಿಟ್ಟುಬರುವ ಕರುಳು ಖಂಡಗಳನ್ನು ತಿನ್ನುವ ಕ್ಯಾಲಿಫೋರ್ನಿಯಾ ಕಾಂಡರ್ ಎಂಬ ಬೃಹತ್ ರಣಹದ್ದಿಗೆ ಈ ಸೀಸವೇ ಮೃತ್ಯು. 1982ರಲ್ಲಿ ಅವು ಜಗತ್ತಿನಲ್ಲಿ ಉಳಿದಿದ್ದದ್ದು 22. (ನಮ್ಮ ರಣಹದ್ದುಗಳನ್ನು ಮುಗಿಸಿದ್ದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವಿನ ಮದ್ದು. ದಾರಿ ಬೇರೆ, ತಟ್ಟೆ ಅದೇ.) ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸವನ್ನು ಪೂರ್ತಿ ನಿಷೇಧಿಸಿತು.

ಬದಲಿಗೆ ಬಂದದ್ದು ಇಡಿಯಾಗಿ ತಾಮ್ರದ ಗುಂಡು. ಮೂತಿಯಲ್ಲೊಂದು ಗುಳಿ. ಒಳಹೊಕ್ಕಾಗ ಅದು ದಾಸವಾಳದ ಎಸಳಿನಂತೆ ತೆರೆದುಕೊಳ್ಳುತ್ತದೆ, ತೂಕ ಹೆಚ್ಚೂಕಡಿಮೆ ಹಾಗೇ ಉಳಿಯುತ್ತದೆ, ಚೂರು ಉದುರುವುದಿಲ್ಲ. ‘ಇದು ಅರಳುವುದಿಲ್ಲ, ತೂತು ಮಾಡಿ ಹೋಗುತ್ತದೆ, ಜಿಂಕೆ ದೂರ ಓಡುತ್ತದೆ’ ಎಂದು ಶಿಕಾರಿಗಳು ದೂರಿದರು. ವಾಯವ್ಯ ಗಡಿಯ ಸೈನಿಕರ ಹಳೆಯ ದೂರೇ! ಸೀಸಕ್ಕಿಂತ ಗಟ್ಟಿಯಾದ ತಾಮ್ರ ಅರಳಲು ಹೆಚ್ಚು ವೇಗ ಬೇಕು, ಹಾಗಾಗಿ ಬಲು ದೂರದ ಹೊಡೆತಗಳಲ್ಲಿ ಆ ದೂರಿನಲ್ಲಿ ಹುರುಳಿದೆ. ಡೆನ್ಮಾರ್ಕಿನಲ್ಲಿ ಇದನ್ನು ಎಣಿಸಿಯೇ ನೋಡಿದರು. ಮಾಮೂಲಿ ಬೇಟೆಯಲ್ಲಿ ಸತ್ತ 657 ಜಿಂಕೆಗಳ ಮಾಹಿತಿ ಸೇರಿಸಿ, ಗುಂಡು ತಗುಲಿದ ಮೇಲೆ ಎಷ್ಟು ದೂರ ಓಡಿದವು ಎಂದು ಹೋಲಿಸಿದರು. ಸೀಸಕ್ಕೂ ತಾಮ್ರಕ್ಕೂ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸ ಕಾಣಲಿಲ್ಲ. 2024ರ ಏಪ್ರಿಲ್‌ನಿಂದ ಅಲ್ಲಿ ರೈಫಲ್ ಬೇಟೆಗೂ ಸೀಸ ನಿಷಿದ್ಧ.

657 ಒಳ್ಳೆಯ ಸಂಖ್ಯೆ, ಏಳಕ್ಕಿಂತ ಎಷ್ಟೋ ವಾಸಿ. ಆದರೂ ಜಿಂಕೆ ಓಡಿದ ದೂರ ಅಳೆಯಬೇಕಾದರೆ ಅದು ಎಲ್ಲಿ ಬಿತ್ತೆಂದು ಸಿಗಬೇಕಲ್ಲ. ಸಿಗದೆ ಹೋದವು ಆ ಪಟ್ಟಿಯಲ್ಲೂ ಇಲ್ಲ, ಅಜ್ಜನ ಸೀಸೆಯಲ್ಲೂ ಇಲ್ಲ.