ಸಿ ಕೋಡ್‌ನಲ್ಲಿ ವ್ಯಾಲ್ಯೂ ಕೊಡದ ವೇರಿಯಬಲ್: ವಾರ್ನಿಂಗ್ ಬಂತೆಂದು ಸುಮ್ನೆ ಸೊನ್ನೆ ಹಾಕಬೇಡಿ

ಕಲಬುರಗಿ ಗಂಜ್‌ನಲ್ಲಿ ತೊಗರಿ ತೂಗುವುದನ್ನು ನೋಡಿದ್ದೀರಲ್ವಾ? ಹಿಂದಿನವರ ಚೀಲ ಕಾಟಾದ ಮೇಲೆ ಇರುವಾಗಲೇ ನಿಮ್ಮ ಚೀಲ ಏರಿಸಿದರೆ ಏನಾಗುತ್ತದೋ, ಫಂಕ್ಷನ್ ಒಳಗೆ 'ಇಂಟ್ ಟೋಟಲ್' ಎಂದಷ್ಟೇ ಬರೆದು ಲೂಪ್‌ನಲ್ಲಿ ಕೂಡಿಸುತ್ತಾ ಹೋದರೂ ಅದೇ ಆಗುತ್ತದೆ. ಆ ಜಾಗದಲ್ಲಿ ಮೊದಲು ಏನು ಬಿದ್ದಿತ್ತೋ ಅದರ ಮೇಲೆಯೇ ಲೆಕ್ಕ ಶುರು. ಅದೃಷ್ಟಕ್ಕೆ ಅಲ್ಲಿ ಸೊನ್ನೆಯೇ ಇದ್ದರೆ ಲ್ಯಾಬ್‌ನಲ್ಲಿ ಉತ್ತರ ಸರಿ ಬರುತ್ತದೆ, ಮನೆಯಲ್ಲಿ ಕೈ ಕೊಡುತ್ತದೆ. ಗ್ಲೋಬಲ್, ಸ್ಟ್ಯಾಟಿಕ್ ವೇರಿಯಬಲ್‌ಗಳಿಗೆ ಈ ಕಾಟ ಇಲ್ಲ, ಅವು ಸೊನ್ನೆಯಿಂದಲೇ ಶುರುವಾಗುತ್ತವೆ.

ಟೋಟಲ್‌ಗೆ ಸೊನ್ನೆ ಕೊಟ್ಟರೆ ಮುಗೀತು. ತಲೆ ತಿನ್ನುವುದು ಬೇರೆಯದು.

ನಾನು ತೊಗರಿ ಬಿಲ್ ಮಾಡುವ ಚಿಕ್ಕ ಪ್ರೋಗ್ರಾಂ ಬರೆದಿದ್ದೆ. ಗ್ರೇಡ್ 1ಕ್ಕೆ ಒಂದು ರೇಟ್, 2ಕ್ಕೆ ಇನ್ನೊಂದು. ಸ್ವಿಚ್‌ನಲ್ಲಿ ಎರಡೇ ಕೇಸ್, ಡಿಫಾಲ್ಟ್ (ಯಾವ ಕೇಸೂ ಹೊಂದದಿದ್ದಾಗ ಓಡುವ ಭಾಗ) ಇಲ್ಲ, ಕೆಳಗೆ ರೇಟನ್ನು ಕ್ವಿಂಟಲ್‌ನಿಂದ ಗುಣಿಸಿದ್ದೆ. ಸಿ ಕಂಪೈಲರ್ ಜಿಸಿಸಿ 'ಮೇ ಬಿ ಯೂಸ್ಡ್ ಅನ್‌ಇನಿಷಿಯಲೈಸ್ಡ್' (ವ್ಯಾಲ್ಯೂ ಕೊಡದೆಯೇ ಬಳಸಿರಬಹುದು) ಎಂಬ ವಾರ್ನಿಂಗ್ ಕೊಟ್ಟಿತು. ಇಲ್ಲಿ 'ಮೇ ಬಿ' ಅನ್ನೋದು ಮುಖ್ಯ. ಕೋಡ್ ಯಾವ ದಾರಿಯಲ್ಲಿ ಓಡಿ ಬಂದರೂ ವೇರಿಯಬಲ್ ಖಾಲಿ ಅಂತಾದರೆ ಅದು 'ಈಸ್ ಯೂಸ್ಡ್' ಎನ್ನುತ್ತದೆ. 'ಮೇ ಬಿ' ಅಂದರೆ ಯಾವುದೋ ಒಂದು ದಾರಿಯಲ್ಲಿ ಖಾಲಿ ಉಳಿಯಬಹುದು ಎಂದರ್ಥ, ಆ ದಾರಿ ಹುಡುಕಬೇಕಾದವರು ನಾವು. ನಾನು ಹುಡುಕಲಿಲ್ಲ. ಮೇಲೆ ರೇಟ್‌ಗೆ ಸೊನ್ನೆ ಕೊಟ್ಟೆ, ವಾರ್ನಿಂಗ್ ಹೋಯಿತು, ಚಹಾ ಕುಡಿಯಲು ಎದ್ದೆ. ಆಮೇಲೆ ಕೈತಪ್ಪಿ ಗ್ರೇಡ್ 3 ಒತ್ತಿದರೆ 12 ಕ್ವಿಂಟಲ್ ತೊಗರಿಗೆ ಬಿಲ್ 0 ರೂಪಾಯಿ. ಪುಕ್ಕಟೆ! ತಪ್ಪು ಇದ್ದಲ್ಲೇ ಇತ್ತು, ನಾನು ಕಂಪೈಲರ್ ಬಾಯಿ ಮುಚ್ಚಿಸಿದ್ದೆ ಅಷ್ಟೇ.

ಸರಿ ಮಾಡಿದ್ದು ಹೀಗೆ: ಸೊನ್ನೆ ತೆಗೆದೆ, ಡಿಫಾಲ್ಟ್‌ನಲ್ಲಿ 'ಈ ಗ್ರೇಡ್ ಇಲ್ಲ' ಎಂದು ಪ್ರಿಂಟ್ ಮಾಡಿ ಅಲ್ಲಿಂದಲೇ ರಿಟರ್ನ್ ಆದೆ. ಇದರ ಲಾಭ ಇನ್ನೊಂದಿದೆ. ನಾಳೆ ಹೊಸ ಕೇಸ್ ಸೇರಿಸಿ ರೇಟ್ ಬರೆಯಲು ಮರೆತರೆ ವಾರ್ನಿಂಗ್ ಮತ್ತೆ ಎಚ್ಚರಿಸುತ್ತದೆ. ಸೊನ್ನೆ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಕಂಪೈಲ್ ಮಾಡುವಾಗ ವಾರ್ನಿಂಗ್ ಆನ್ ಮಾಡುವ ಮೈನಸ್ ಡಬ್ಲ್ಯೂ ಆಲ್ (-Wall) ಹಾಕಿದರೂ 'ಮೇ ಬಿ' ವಾರ್ನಿಂಗ್ ಬರದಿದ್ದರೆ ಜೊತೆಗೆ ಕೋಡನ್ನು ಆಪ್ಟಿಮೈಸ್ ಮಾಡಿಸುವ (ವೇಗವಾಗಿ ಓಡುವಂತೆ ತಿದ್ದಿಸುವ) ಮೈನಸ್ ಓ 2 (-O2) ಹಾಕಿ ನೋಡಿ. ಆಪ್ಟಿಮೈಸ್ ಮಾಡುವಾಗಷ್ಟೇ ಜಿಸಿಸಿ ಈ ದಾರಿಗಳ ಜಾಡು ಹಿಡಿಯುತ್ತದೆ.

ಹಾಗಂತ ಪೂರ್ತಿ ಅದನ್ನೇ ನಂಬಬೇಡಿ. ಟೈಪ್ ಮಾಡಿದ್ದನ್ನು ಓದುವ ಸ್ಕ್ಯಾನ್‌ಎಫ್‌ಗೆ ಅಡ್ರೆಸ್ ಕೊಟ್ಟ ವೇರಿಯಬಲ್ ತುಂಬಿಯೇ ಬಂದಿರುತ್ತದೆ ಎಂದುಕೊಂಡು ಅದು ಸುಮ್ಮನಿರುತ್ತದೆ. ಕ್ವಿಂಟಲ್ ಕೇಳಿದ ಕಡೆ ಯಾರೋ 'ಹತ್ತು' ಎಂದು ಅಕ್ಷರದಲ್ಲಿ ಟೈಪ್ ಮಾಡಿದರೆ ವೇರಿಯಬಲ್‌ಗೆ ಏನೂ ಬೀಳುವುದಿಲ್ಲ, ಸ್ಕ್ಯಾನ್‌ಎಫ್ 0 ರಿಟರ್ನ್ ಮಾಡುತ್ತದೆ. 1 ಬಂತಾ ಎಂದು ನೋಡಿಕೊಂಡೇ ಗುಣಾಕಾರಕ್ಕೆ ಇಳಿಯಿರಿ.