ಚೀಟಿ ಎತ್ತಿ ಆಡುವ ಮೈದಾನ: ಸೇಂಟ್ ಆಂಡ್ರೂಸ್ ಊರವರ ಕೈಗೆ ಉಳಿದಿದ್ದು ಹೇಗೆ?

ಎಂಟು ಜನ ಗೆಳೆಯರು ಗುಂಪು ಕಟ್ಟಿಕೊಂಡು ಸ್ಕಾಟ್ಲೆಂಡ್‌ಗೆ ಗಾಲ್ಫ್ ಆಡಲು ಹೊರಟಿದ್ದಾರೆ ಅಂದುಕೊಳ್ಳಿ. ಎಲ್ಲರ ಆಸೆ ಒಂದೇ, ಸೇಂಟ್ ಆಂಡ್ರೂಸ್ ಊರಿನ ಓಲ್ಡ್ ಕೋರ್ಸ್ ಎಂಬ ಹಳೆಯ ಗಾಲ್ಫ್ ಮೈದಾನ. ಮುಂಗಡ ಬುಕಿಂಗ್ ಸಿಗದಿದ್ದರೆ ಉಳಿಯುವ ದಾರಿ ಚೀಟಿ ಎತ್ತುವುದು. ಆಡುವುದಕ್ಕೆ ಎರಡು ದಿನ ಮೊದಲು ಹೆಸರು ಕೊಡಬೇಕು. ಒಂದು ಅರ್ಜಿಯಲ್ಲಿ ಕನಿಷ್ಠ ಇಬ್ಬರು, ಹೆಚ್ಚೆಂದರೆ ನಾಲ್ವರು. ಎಂಟು ಜನ ಎಂದರೆ ಎರಡು ಅರ್ಜಿ. ಒಂದು ಬಂದು ಇನ್ನೊಂದು ಬಾರದಿದ್ದರೆ, ರಾತ್ರಿ ಊಟಕ್ಕೆ ಕೂತಾಗ ನಾಲ್ವರ ಮುಖ ಅರಳಿರುತ್ತದೆ, ನಾಲ್ವರದ್ದು ಬಾಡಿರುತ್ತದೆ.

ಇಷ್ಟು ಹೆಸರಾದ ಮೈದಾನದಲ್ಲಿ ಹೊರಗಿನವರೂ ಹೆಸರು ಕೊಡಬಹುದು ಅನ್ನೋದೇ ದೊಡ್ಡ ವಿಷಯ, ಅಲ್ವಾ? ಅದಕ್ಕೆ ಕಾರಣ ಮೈದಾನದ ಒಡೆತನ. ಇದು ಕ್ಲಬ್‌ನ ಆಸ್ತಿಯಲ್ಲ, ಊರಿನ ಆಸ್ತಿ. ನಮ್ಮ ಹಳ್ಳಿಗಳ ಗೋಮಾಳದ ಹಾಗೆ.

ಸಮುದ್ರಕ್ಕೂ ಹೊಲಕ್ಕೂ ನಡುವೆ ಇರುವ ಮರಳು ನೆಲವನ್ನು ಅಲ್ಲಿ ಲಿಂಕ್ಸ್ ಎನ್ನುತ್ತಾರೆ. ಉಳುಮೆಗೆ ಆಗದ ನೆಲ. ಕುರಿ ಮೇಯಿಸುತ್ತಿದ್ದರು, ಬಟ್ಟೆ ಒಣಗಿಸುತ್ತಿದ್ದರು, ಚೆಂಡು ಹೊಡೆಯುತ್ತಿದ್ದರು. ಗಾಲ್ಫ್ ಹುಚ್ಚು ಎಷ್ಟಿತ್ತೆಂದರೆ, ಜನ ಬಿಲ್ವಿದ್ಯೆ ಮರೆಯುತ್ತಿದ್ದಾರೆಂದು 1457ರಲ್ಲಿ ಸ್ಕಾಟ್ಲೆಂಡ್‌ನ ಪಾರ್ಲಿಮೆಂಟ್ ಈ ಆಟವನ್ನೇ ನಿಷೇಧಿಸಿತ್ತು.

ಹಕ್ಕಿನ ಕಾಗದ ಹುಟ್ಟಿದ್ದು 1552ರಲ್ಲಿ. ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್‌ಗೆ ಲಿಂಕ್ಸ್‌ನಲ್ಲಿ ಮೊಲ ಸಾಕಬೇಕಿತ್ತು. ಅದಕ್ಕೆ ಊರಿನವರು ಒಪ್ಪಿದರು. ಅದೇ ಕಾಗದದಲ್ಲಿ, ಗಾಲ್ಫ್, ಫುಟ್‌ಬಾಲ್ ಎಲ್ಲ ಆಡಲು ಊರವರಿಗೆ ಹಕ್ಕಿದೆ ಎಂದು ಆತನೂ ಒಪ್ಪಿದ.

ಅದೇ ಮೊಲಗಳು ಮುಂದೆ ಮೈದಾನವನ್ನೇ ನುಂಗುವ ಹಂತಕ್ಕೆ ಬಂದವು. 1797ರ ಹೊತ್ತಿಗೆ ಊರಿನ ಪುರಸಭೆ ಸಾಲದಲ್ಲಿ ಮುಳುಗಿ ಲಿಂಕ್ಸ್ ಕೈಬಿಟ್ಟಿತು. ಜಾಗ ಡೆಂಪ್‌ಸ್ಟರ್ ಎಂಬ ವ್ಯಾಪಾರಿಗಳ ಪಾಲಾಯಿತು. ಅವರಿಗೆ ಬೇಕಿದ್ದು ಮೊಲದ ವ್ಯಾಪಾರ, ಆಟವಲ್ಲ. ಎಲ್ಲಿ ನೋಡಿದರೂ ಬಿಲ. ಚೆನ್ನಾಗಿ ಹೊಡೆದ ಚೆಂಡೂ ಉರುಳಿ ಬಿಲಕ್ಕೆ ಬಿದ್ದರೆ ಆಟ ಎಲ್ಲಿ ಉಳಿಯುತ್ತದೆ? ಊರವರು ಕೋರ್ಟ್ ಹತ್ತಿದರು, ಮೈದಾನದಲ್ಲೂ ಜಗಳ ನಡೆಯಿತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಎಳೆದಾಡಿದ ವ್ಯಾಜ್ಯ ಅದು. 1821ರಲ್ಲಿ ಪಕ್ಕದ ಜಮೀನ್ದಾರ, ಸ್ವತಃ ಆಟಗಾರ ಜೇಮ್ಸ್ ಚೀಪ್ ಜಾಗ ಕೊಂಡ ಮೇಲೆ ಆಟ ಬದುಕಿತು. ಇವತ್ತು ಪ್ರಪಂಚದೆಲ್ಲೆಡೆಯಿಂದ ಅಲ್ಲಿಗೆ ಹೋಗುವವರು ನೆನೆಯಬೇಕಾದ ಹೆಸರು ಇದು ಎಂದು ನನಗನಿಸುತ್ತದೆ.

1890ರ ದಶಕದಲ್ಲಿ ಪುರಸಭೆ ಲಿಂಕ್ಸನ್ನು ಮರಳಿ ಪಡೆಯಿತು, 1894ರಲ್ಲಿ ಅದಕ್ಕೆ ಪಾರ್ಲಿಮೆಂಟಿನ ಕಾಯ್ದೆಯೂ ಬಂತು. ಸ್ಥಳೀಯ ಆಡಳಿತದ ರೀತಿ ಬದಲಾದಾಗ, 1974ರ ಕಾಯ್ದೆ ಒಂದು ಟ್ರಸ್ಟ್ ಕಟ್ಟಿತು. ಇವತ್ತು ಚೀಟಿ ಎತ್ತುವುದು ಆ ಟ್ರಸ್ಟೇ. ಆಟ ಶುರುವಾಗುವ ಮೊದಲ ಟೀ (ಚೆಂಡು ಇಟ್ಟು ಹೊಡೆಯುವ ಜಾಗ) ಹಿಂದೆ ಕಾಣುವ ಕಲ್ಲಿನ ಕಟ್ಟಡ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್‌ನದು. ಅದು 1754ರ ಆಟಗಾರರ ಸಂಘದಿಂದ ಬೆಳೆದದ್ದು. 2014ರವರೆಗೆ ಹೆಂಗಸರಿಗೆ ಅಲ್ಲಿ ಸದಸ್ಯತ್ವ ಇರಲಿಲ್ಲ. ಆದರೆ ಮೈದಾನ ಕ್ಲಬ್‌ನದ್ದಲ್ಲ ಅನ್ನೋದನ್ನು ಮರೆಯಬಾರದು.

ಹಳೆಯ ಕಾಲ ಆಟದಲ್ಲೂ ಕಾಣುತ್ತದೆ. ಮೊದಲು ಒಂದು ಸುತ್ತಿಗೆ 22 ಹೋಲ್ (ಚೆಂಡು ಬೀಳಿಸಬೇಕಾದ ಗುಳಿ) ಆಡುತ್ತಿದ್ದರು, 1764ರಲ್ಲಿ 18ಕ್ಕೆ ಇಳಿಸಿದರು. ಆಮೇಲೆ ಜಗತ್ತೇ ಆ ಲೆಕ್ಕ ಹಿಡಿಯಿತು. ಗುಳಿಯ ಸುತ್ತಲಿನ ನುಣುಪು ಹುಲ್ಲುಹಾಸು, ಅಂದರೆ ಗ್ರೀನ್‌ಗಳಲ್ಲಿ ಏಳು ಜೋಡಿ. ಒಂದೇ ಹಾಸಿನ ಮೇಲೆ ಆಡುತ್ತಾ ಆಚೆಗೆ ಹೋಗುವವರದೊಂದು ಬಾವುಟ, ತಿರುಗಿ ಬರುವವರದೊಂದು. ಎರಡನೆಯ ಹೋಲ್ ಜೊತೆ ಹದಿನಾರು, ಮೂರರ ಜೊತೆ ಹದಿನೈದು, ಹೀಗೆ ಕೂಡಿದರೆ ಪ್ರತಿ ಜೋಡಿಯೂ ಹದಿನೆಂಟು. ನೀವು ಚೆಂಡನ್ನು ಮೆಲ್ಲಗೆ ಗುಳಿಯತ್ತ ಉರುಳಿಸುತ್ತಿರುವಾಗ ಆಚೆ ತುದಿಯಲ್ಲಿ ಗುರುತಿಲ್ಲದ ನಾಲ್ವರು ಬಗ್ಗಿ ಚೆಂಡು ನೋಡುತ್ತಿರುತ್ತಾರೆ.

ಒಬ್ಬರೇ ಬಂದವರು ರಾತ್ರಿಯೆಲ್ಲ ಸಾಲಿನಲ್ಲಿ ನಿಲ್ಲುವ ರೂಢಿಯಿತ್ತು. 2024ರಲ್ಲಿ ಅದೂ ಡಿಜಿಟಲ್ ಆಗಿ ಎತ್ತುವ ಚೀಟಿಗೆ ಬದಲಾಯಿತು. ಪ್ರವಾಸ ಯೋಜಿಸುವವರು ಭಾನುವಾರ ಮಾತ್ರ ಬಿಟ್ಟುಬಿಡಿ. ದೊಡ್ಡ ಟೂರ್ನಿ ಇಲ್ಲದಿದ್ದರೆ ಅವತ್ತು ಆಟವಿಲ್ಲ. ಆಟಗಾರರಿಗೆ ಬೇಡದಿದ್ದರೂ ನೆಲಕ್ಕೆ ವಿಶ್ರಾಂತಿ ಬೇಕು ಎಂದು ಮೈದಾನ ನೋಡಿಕೊಳ್ಳುತ್ತಿದ್ದ ಓಲ್ಡ್ ಟಾಮ್ ಮಾರಿಸ್ ಹೇಳುತ್ತಿದ್ದರಂತೆ. ಅವತ್ತು ಊರವರು ನಾಯಿ ಹಿಡಿದುಕೊಂಡು, ಮಕ್ಕಳನ್ನು ಕರೆದುಕೊಂಡು ಹದಿನೆಂಟನೆಯ ಹೋಲ್‌ನ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ. ಚೀಟಿ ಬಾರದ ನಾಲ್ವರೂ ಅವರ ಜೊತೆ ಸ್ವಿಲ್ಕನ್ ಹೊಳೆಯ ಕಲ್ಲುಸೇತುವೆವರೆಗೆ ನಡೆದು ಬರಬಹುದು.