ಮುಚ್ಚಳಿಕೆಯ ಕಾಗದ, ಕಾಗದವೇ ಇಲ್ಲದ ಕಣ್ಗಾವಲು

ಮಂಡ್ಯದಲ್ಲಿ ಧರಣಿ ಎಂದರೆ ಸರ್ ಎಂ.ವಿ. ಪ್ರತಿಮೆ ಮುಂದೆ ಒಂದು ಶಾಮಿಯಾನ, ನೆಲಕ್ಕೆ ಜಮಖಾನ, ಒಂದು ಮೈಕ್ ಸೆಟ್. ಕಾವೇರಿ ನೀರಿರಲಿ, ಕಬ್ಬಿನ ಬಾಕಿ ಇರಲಿ, ಕೂರುವುದು ಅಲ್ಲೇ. ಶಾಮಿಯಾನದ ಅಂಚಿನಲ್ಲಿ ಅರ್ಧ ನೆರಳು, ಅರ್ಧ ಬಿಸಿಲಿನಲ್ಲಿ ನಿಂತವರು ಒಬ್ಬರು ಯಾವಾಗಲೂ ಇರುತ್ತಾರೆ. ಮೈಮೇಲೆ ಸಾದಾ ಷರ್ಟು, ಕಾಲಲ್ಲಿ ಇಲಾಖೆಯ ಬೂಟು. ಮಫ್ತಿಯವರು. ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು ಪಕ್ಕದವರನ್ನು ಕೇಳುತ್ತಾರೆ: "ಈಗ ಮಾತಾಡ್ತಿರೋರು ಯಾವೂರೋರಣ್ಣ? ನಾಳೆನೂ ಕೂರ್ತೀರಾ? ಎಷ್ಟ್ ಜನ ಬರ್ಬೋದು?" ನಮ್ಮವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಟೀ ಬಂದರೆ ಅವರಿಗೂ ಒಂದು ಲೋಟ ದಾಟಿಸುತ್ತಾರೆ.

ನಾನು ಚಿಕ್ಕವನಿದ್ದಾಗಿಂದ ಇದನ್ನು ನೋಡಿದ್ದೇನೆ. ಹೋರಾಟ ಮಾಡುವವರ ಮೇಲೆ ಸರ್ಕಾರ ಕಣ್ಣಿಡುವುದು ನಮ್ಮ ಸೀಮೆಗೆ ಹೊಸದಲ್ಲ, ನೂರು ವರ್ಷಕ್ಕೂ ಹಳೆಯದು. ಆದರೆ ಇಷ್ಟು ಕಾಲ ಆ ಕಣ್ಣು ಎಲ್ಲಿದೆ ಅಂತ ಗೊತ್ತಾಗುತ್ತಿತ್ತು. ಆಜ್ಞೆ ಇದ್ದರೆ ಅದನ್ನು ಓದಬಹುದಿತ್ತು. ನೋಟಿಸ್ ಬಂದರೆ ಕೋರ್ಟಿಗೆ ಹೋಗಬಹುದಿತ್ತು. ಈಗ ಅದೇ ಹೋಗಿದೆ. ಇದು ಹೇಗಾಯಿತು ಅಂತ ಮೊದಲಿಂದ ನೋಡೋಣ.

1908ರ ಮೈಸೂರು. ವಿ.ಪಿ. ಮಾಧವರಾಯರು ದಿವಾನರು. ಸರ್ಕಾರದ ಅನುಮತಿ ಇಲ್ಲದೆ ಯಾರೂ ಪತ್ರಿಕೆ ನಡೆಸುವಂತಿಲ್ಲ ಎಂಬ ಕಾನೂನು ಆ ವರ್ಷ ಬಂತು. ಮೈಸೂರಿನವರು 'ತಾತಯ್ಯ' ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು 'ವೃತ್ತಾಂತ ಚಿಂತಾಮಣಿ' ಎಂಬ ಪತ್ರಿಕೆ ನಡೆಸುತ್ತಿದ್ದರು. ಇಂಥ ಕಾನೂನಿನ ಕೆಳಗೆ ಬರೆಯುವುದಿಲ್ಲ ಎಂದು ಅವರು ಪತ್ರಿಕೆಯನ್ನೇ ನಿಲ್ಲಿಸಿದರು. ಇವತ್ತು ತಾತಯ್ಯ ಪಾರ್ಕಿನ ಬೆಂಚಿನಲ್ಲಿ ಕೂತು ಮೊಬೈಲ್ ನೋಡುವ ಎಷ್ಟು ಜನಕ್ಕೆ ಈ ಕಥೆ ಗೊತ್ತಿದೆಯೋ ಏನೋ. ಗೊತ್ತಿರಬೇಕಿತ್ತು.

ಮುಂದಿನದು ಶಿವಪುರ. ಮದ್ದೂರಿಗೆ ಅಂಟಿಕೊಂಡ ಊರು. ಬೆಂಗಳೂರಿಂದ ಮೈಸೂರಿಗೆ ಹಳೇ ರಸ್ತೆಯಲ್ಲಿ ಹೋಗುವಾಗ ಸತ್ಯಾಗ್ರಹ ಸೌಧ ಸಿಗುತ್ತದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನವರು ಅಲ್ಲಿ ಸೇರಿ ತ್ರಿವರ್ಣ ಬಾವುಟ ಹಾರಿಸುತ್ತೇವೆ ಎಂದರು. ಸರ್ಕಾರ ಹಾರಿಸಬಾರದು ಎಂದಿತು. ನಿಷೇಧಾಜ್ಞೆ ಹೊರಟಿತು. ಅದು ಕಾಗದದ ಮೇಲಿನ ಆಜ್ಞೆ. ಇಂಥ ಜಾಗದಲ್ಲಿ, ಇಂಥದ್ದನ್ನು ಮಾಡಬಾರದು ಎಂದು ಅದರಲ್ಲಿ ಬರೆದಿತ್ತು. ಬರೆದಿದ್ದರಿಂದಲೇ ಅದನ್ನು ಎಲ್ಲರೆದುರು ಮುರಿಯಲು ಸಾಧ್ಯವಾಯಿತು. ಏಪ್ರಿಲ್ 11ರಂದು ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರು ಸಾವಿರಾರು ಜನರ ಮುಂದೆ ಬಾವುಟ ಹಾರಿಸಿದರು, ಬಂಧನಕ್ಕೆ ಒಳಗಾದರು. ಅವರ ಹಿಂದೆ ಇನ್ನೂ ಹಲವರು ಜೈಲಿಗೆ ಹೋದರು. ಅದಾಗಿ ಎರಡೇ ವಾರಕ್ಕೆ, ಏಪ್ರಿಲ್ 25ರಂದು, ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಇದೇ ಬಾವುಟಕ್ಕೆ ಸೇರಿದ ಜನರ ಮೇಲೆ ಗುಂಡು ಹಾರಿತು. ಸತ್ತವರು 10 ಮಂದಿ ಎಂದಿತು ಸರ್ಕಾರ. ಜನರ ಲೆಕ್ಕ 30 ದಾಟುತ್ತದೆ. ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ವಲ್ಲಭಭಾಯಿ ಪಟೇಲರ ನಡುವೆ ಒಪ್ಪಂದವಾಗಿ ಬಾವುಟದ ಮೇಲಿನ ನಿಷೇಧ ಹೋಯಿತು.

1947ರ ಆಗಸ್ಟ್ 15ಕ್ಕೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಮೈಸೂರಿನಲ್ಲಿ ಮುಗಿದಿರಲಿಲ್ಲ. ಜವಾಬ್ದಾರಿ ಸರ್ಕಾರ, ಅಂದರೆ ಜನರಿಗೆ ಉತ್ತರ ಹೇಳುವ ಸರ್ಕಾರ, ಬೇಕು ಎಂದು ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಶುರುವಾಯಿತು. ವಿದ್ಯಾರ್ಥಿಗಳು ಬೀದಿಗಿಳಿದರು. ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ತಿಂಗಳೂ ಕಳೆದಿರಲಿಲ್ಲ, ರಾಮಸ್ವಾಮಿ ಎಂಬ ವಿದ್ಯಾರ್ಥಿ ಮೈಸೂರಿನ ನಡುಬೀದಿಯಲ್ಲಿ ಗುಂಡೇಟಿಗೆ ಸತ್ತ. ಆಟೋದವರಿಗೆ ನಾವು ದಿನಾ ಹೇಳುವ ರಾಮಸ್ವಾಮಿ ಸರ್ಕಲ್ ಅವನ ಹೆಸರಿನದು. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು.

ಸರ್ಕಾರ ಬದಲಾಯಿತು, ಠಾಣೆಯ ರಿಜಿಸ್ಟರ್ ಬದಲಾಗಲಿಲ್ಲ. ತಂತಿ, ಫೋನು ಕದ್ದು ಕೇಳಲು ಸರ್ಕಾರಕ್ಕೆ ಅಧಿಕಾರ ಕೊಡುವ ಟೆಲಿಗ್ರಾಫ್ ಕಾಯ್ದೆ 1885ರದು, ಅದೇ ಮುಂದುವರಿಯಿತು. ಬೇಹುಗಾರಿಕೆ ನೋಡಿಕೊಳ್ಳುವ ಇಂಟೆಲಿಜೆನ್ಸ್ ಬ್ಯೂರೋದ ಬೇರು 1887ರಲ್ಲಿದೆ. ಅದಕ್ಕೆ ಸಂಸತ್ತು ಮಾಡಿದ ಒಂದು ಕಾನೂನು ಇವತ್ತಿಗೂ ಇಲ್ಲ. ಊರೂರು ಅಲೆಯುವ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ದಾಖಲಿಸುತ್ತಿದ್ದ, 1871ರಲ್ಲಿ ಮೊದಲು ಬಂದ ಕಾಯ್ದೆ 1952ರಲ್ಲಿ ರದ್ದಾಯಿತು. ಹೆಸರು ಬರೆದಿಟ್ಟು ಕಣ್ಣಿಡುವ ಅಭ್ಯಾಸ ಮಾತ್ರ ಠಾಣೆಗಳಲ್ಲಿ ಉಳಿಯಿತು. ಹಾಗೆ ಹಿಂದುಳಿದ ಸಮುದಾಯದವರ ಹೆಸರಲ್ಲಿ ಕಣ್ಣುಮುಚ್ಚಿ ಹಿಸ್ಟರಿ ಶೀಟ್ ತೆರೆಯಬೇಡಿ ಎಂದು ಸುಪ್ರೀಂ ಕೋರ್ಟ್ 2024ರಲ್ಲೂ ರಾಜ್ಯಗಳಿಗೆ ಹೇಳಬೇಕಾಯಿತು.

ಈ ಅಭ್ಯಾಸವನ್ನು ಮೊದಲು ಪ್ರಶ್ನಿಸಿದವರಲ್ಲಿ ಉತ್ತರ ಪ್ರದೇಶದ ಖರಕ್ ಸಿಂಗ್ ಒಬ್ಬರು. ಪೊಲೀಸರು ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುತ್ತಿದ್ದರು. ಆತ ಸುಪ್ರೀಂ ಕೋರ್ಟಿಗೆ ಹೋದರು. 1962ರ ತೀರ್ಪು ಅರ್ಧ ಕೊಟ್ಟಿತು, ಅರ್ಧ ಉಳಿಸಿಕೊಂಡಿತು. ರಾತ್ರಿ ಬಾಗಿಲು ಬಡಿಯುವುದು ತಪ್ಪು ಎಂದಿತು. ಹಿಂದೆ ಬಿದ್ದು ನೋಡುವುದು ತಪ್ಪಲ್ಲ, ಯಾಕೆಂದರೆ ಸಂವಿಧಾನದಲ್ಲಿ ಖಾಸಗಿತನದ ಹಕ್ಕು ಇಲ್ಲ ಎಂದಿತು. ಆ ಒಂದು ಮಾತು 55 ವರ್ಷ ನಮ್ಮ ತಲೆ ಮೇಲೆ ಕೂತಿತ್ತು.

ತುರ್ತು ಪರಿಸ್ಥಿತಿಯ ಬಗ್ಗೆ ಜಾಸ್ತಿ ಬರೆದಾಗಿದೆ, ನಾನು ಎರಡೇ ಹೆಸರು ನೆನೆಯುತ್ತೇನೆ. ತಲೆಮರೆಸಿಕೊಂಡಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆ ಹೇಳು ಎಂದು ಅವರ ತಮ್ಮ ಲಾರೆನ್ಸ್ ಅವರನ್ನು 1976ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆ ಕೊಟ್ಟರು. ನಟಿ ಸ್ನೇಹಲತಾ ರೆಡ್ಡಿಯವರನ್ನು ವಿಚಾರಣೆ ಇಲ್ಲದೆ ತಿಂಗಳುಗಟ್ಟಲೆ ಬೆಂಗಳೂರು ಜೈಲಿನಲ್ಲಿಟ್ಟರು. ಉಬ್ಬಸ ಇದ್ದ ಹೆಣ್ಣುಮಗಳು. 1977ರ ಜನವರಿಯಲ್ಲಿ ಹೊರಗೆ ಬಿಟ್ಟ ಕೆಲವೇ ದಿನಕ್ಕೆ ತೀರಿಕೊಂಡರು. ಆಗ ನಮ್ಮ ಮುಖ್ಯಮಂತ್ರಿ ಹುಣಸೂರು ಕಡೆಯ ದೇವರಾಜ ಅರಸರು. ಭೂಮಿ ಇಲ್ಲದವರಿಗೆ ಭೂಮಿ ಕೊಡಿಸಿದ ಅರಸರನ್ನು ನಮ್ಮ ಹಳ್ಳಿಗಳು ದೇವರ ಹಾಗೆ ನೆನೆಯುತ್ತವೆ, ನ್ಯಾಯವಾಗಿಯೇ ನೆನೆಯುತ್ತವೆ. ಇದೂ ಅವರ ಕಾಲದಲ್ಲೇ ನಡೆಯಿತು ಎಂಬುದನ್ನು ಬಿಡುವಂತಿಲ್ಲ.

ಇನ್ನು ರೈತ ಸಂಘದ ಕಾಲ. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿದ ಮೇಲೆ ರಾಜ್ಯವೆಲ್ಲ ಹಸಿರು ಶಾಲು ಹೊದ್ದಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮಾತು ಕೇಳಲು ಜನ ಎತ್ತಿನ ಗಾಡಿಯಲ್ಲಿ, ಲಾರಿಯಲ್ಲಿ ಬರುತ್ತಿದ್ದರು. ಪಾಂಡವಪುರ ಕಡೆಯಿಂದ ಕೆ.ಎಸ್. ಪುಟ್ಟಣ್ಣಯ್ಯ ಎದ್ದುಬಂದರು. ಆಗ ಹಳ್ಳಿಗಳ ಬಾಗಿಲಲ್ಲಿ ಬೋರ್ಡುಗಳು ನಿಂತವು: ಅನುಮತಿ ಇಲ್ಲದೆ ಸರ್ಕಾರಿ ಅಧಿಕಾರಿಗಳು ಊರೊಳಗೆ ಬರಬಾರದು. ಸಾಲಕ್ಕೆ ಅಂತ ಜಪ್ತಿ ಮಾಡಿಕೊಂಡು ಹೋದ ಪಾತ್ರೆ, ಪಂಪ್‌ಸೆಟ್ಟನ್ನು ಜನ ಮೆರವಣಿಗೆಯಲ್ಲಿ ಹೋಗಿ ವಾಪಸ್ ತಂದರು. ಯಾರು ಯಾರ ಮೇಲೆ ಕಣ್ಣಿಡಬೇಕು ಎಂಬ ಲೆಕ್ಕವೇ ಸ್ವಲ್ಪ ದಿನ ತಿರುಗಿಬಿಟ್ಟಿತ್ತು.

ಅದಕ್ಕೆ ಉತ್ತರವಾಗಿ ಬಂದದ್ದು ಮುಚ್ಚಳಿಕೆ. ನಮ್ಮ ಕಡೆ ಹೋರಾಟಗಾರರ ಮನೆಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಗೊತ್ತಿರುವ ಪದ ಇದು. ದಂಡ ಪ್ರಕ್ರಿಯಾ ಸಂಹಿತೆಯ 107ನೇ ಸೆಕ್ಷನ್, ಈಗಿನ ಹೊಸ ಸಂಹಿತೆಯಲ್ಲಿ 126. ನೀನು ಶಾಂತಿಗೆ ಭಂಗ ತರಬಹುದು ಎಂದು ಅನ್ನಿಸಿದರೆ ಸಾಕು, ತಹಶೀಲ್ದಾರರ ಮುಂದೆ ನಿಲ್ಲಿಸಿ, ಇನ್ನು ಇಷ್ಟು ದಿನ ಸರಿಯಾಗಿರುತ್ತೇನೆ ಎಂದು ಬರೆಸಿಕೊಳ್ಳಬಹುದು. ಅಪರಾಧ ಆಗಿರಬೇಕಿಲ್ಲ. ಬಂದ್‌ನ ಹಿಂದಿನ ರಾತ್ರಿ ಮನೆಗೆ ಬಂದು ಕರೆದುಕೊಂಡು ಹೋಗುವುದು 151, ಈಗ 170. ಅದಕ್ಕೆ ಮುನ್ನೆಚ್ಚರಿಕೆ ಬಂಧನ ಎಂದು ಹೆಸರು.

ನಮ್ಮೂರಿನ ಹಿರಿಯರೊಬ್ಬರು ಈ ಕಾಗದಗಳನ್ನೆಲ್ಲ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ರಸಗೊಬ್ಬರದ ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನ ಒಳಗೆ, ರಬ್ಬರ್ ಬ್ಯಾಂಡ್ ಹಾಕಿ. ಒಮ್ಮೆ ಮಂಚದ ಮೇಲೆ ಹರಡಿ ತೋರಿಸಿದರು. ಸಮನ್ಸು, ವಾರೆಂಟು, ಮುಚ್ಚಳಿಕೆಯ ನಕಲು, ಮಡಚಿದ ಕಡೆ ಹರಿದು ಟೇಪ್ ಹಚ್ಚಿದ್ದು. ರಸ್ತೆ ತಡೆದ ಒಂದು ಕೇಸಿಗೆ ಎಷ್ಟೋ ವರ್ಷ ವಾಯ್ದೆಗೆ ಅಲೆದಿದ್ದಾರೆ. ವಾಯ್ದೆ ದಿನ ಕೂಲಿ ಹೋಯಿತು, ಬಸ್ ಚಾರ್ಜ್ ಹೋಯಿತು, ಒಂದು ಸಲ ಗದ್ದೆಗೆ ನೀರು ಬಿಟ್ಟ ದಿನವೇ ಕೋರ್ಟಿಗೆ ಹೋಗಬೇಕಾಯಿತು. "ಜೈಲು ಪರ್ವಾಗಿಲ್ಲ ಮಗ, ಮೂರ್ ಹೊತ್ತು ಒಂದ್ ಕಡೆ ಇರ್ತೀವಿ. ಈ ವಾಯ್ದೆ ಸವೆಸ್ಬುಡ್ತದೆ" ಎಂದರು. ಸಂಘಟನೆಯನ್ನು ಮುರಿಯಲು ಲಾಠಿಗಿಂತ ಇದು ಹೆಚ್ಚು ಕೆಲಸ ಮಾಡಿದೆ ಎಂದು ನನಗೆ ಅನ್ನಿಸುತ್ತದೆ. ಚುನಾವಣೆ ಹತ್ತಿರ ಬಂದಾಗ ಸರ್ಕಾರಗಳು 'ರೈತರ ಮೇಲಿನ ಕೇಸು ವಾಪಸ್' ಎಂದು ಘೋಷಿಸುತ್ತವೆ. ಹೋದ ದಿನಗಳು ವಾಪಸ್ ಬರುವುದಿಲ್ಲ.

ಹೀಗಿದ್ದರೂ ಆ ಕವರಿನೊಳಗೆ ಒಂದು ಬಲ ಇತ್ತು. ಯಾರು ಸಹಿ ಮಾಡಿದರು, ಯಾವ ಸೆಕ್ಷನ್, ಯಾವ ದಿನ, ಎಲ್ಲ ಅದರಲ್ಲಿದೆ. ವಕೀಲರಿಗೆ ತೋರಿಸಬಹುದು. 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯ್ದೆ ವಿರೋಧಿಸಿ ಸಭೆ ಸೇರದಂತೆ ಬೆಂಗಳೂರಿನಲ್ಲಿ ಹೊರಡಿಸಿದ್ದ ನಿಷೇಧಾಜ್ಞೆ ಕಾನೂನುಬಾಹಿರ ಎಂದು ಹೈಕೋರ್ಟ್ 2020ರ ಫೆಬ್ರುವರಿಯಲ್ಲಿ ಹೇಳಿತು. ಕೈಯಲ್ಲಿ ಆದೇಶದ ಪ್ರತಿ ಇದ್ದಿದ್ದರಿಂದ ಅದನ್ನು ಕೇಳಲು ಆಯಿತು. ಅದೇ ವರ್ಷದ ಜನವರಿಯಲ್ಲಿ ಮಾನಸಗಂಗೋತ್ರಿಯ ಒಂದು ಪ್ರತಿಭಟನೆಯಲ್ಲಿ 'ಫ್ರೀ ಕಾಶ್ಮೀರ್' ಎಂಬ ಫಲಕ ಹಿಡಿದ ಹೆಣ್ಣುಮಗಳ ಮೇಲೆ ರಾಜದ್ರೋಹದ ಕೇಸು ಬಿತ್ತು. ಕಾಶ್ಮೀರದಲ್ಲಿ ಇಂಟರ್ನೆಟ್ ನಿಲ್ಲಿಸಿದ್ದರ ಬಗ್ಗೆ ಹಾಗೆ ಬರೆದೆ ಎಂದು ಆಕೆ ಹೇಳಿದರು. ಮೈಸೂರಿನ ವಕೀಲರ ಸಂಘ ಆಕೆಯ ಪರ ವಕಾಲತ್ತು ಹಾಕುವುದಿಲ್ಲ ಎಂದು ತೀರ್ಮಾನಿಸಿದ್ದು ನನಗೆ ಇವತ್ತಿಗೂ ನೋವು ಕೊಡುವ ಸಂಗತಿ. ಬೇರೆ ಊರುಗಳ ವಕೀಲರು ಬಂದು ನಿಂತರು, ಆ ತಿಂಗಳ ಕೊನೆಗೆ ಕೋರ್ಟ್ ನಿರೀಕ್ಷಣಾ ಜಾಮೀನು ಕೊಟ್ಟಿತು.

ಫೋನಿನ ಕಥೆ ಬೇರೆ. ಅಲ್ಲಿ ಕಾಗದ ಇದೆ, ಆದರೆ ನಿಮಗೆ ಬರುವುದಿಲ್ಲ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದೇ ದೂರವಾಣಿ ಕದ್ದಾಲಿಕೆಯ ಆರೋಪಕ್ಕೆ. ದೇಶದಲ್ಲಿ ಈ ವಿಷಯ ಇಷ್ಟು ದೊಡ್ಡದಾಗಲು ನಮ್ಮ ರಾಜ್ಯವೂ ಒಂದು ಕಾರಣ. 1996ರಲ್ಲಿ ಸುಪ್ರೀಂ ಕೋರ್ಟ್ ನಿಯಮ ಹಾಕಿತು: ಗೃಹ ಕಾರ್ಯದರ್ಶಿಯ ಆದೇಶ ಬೇಕು, ಎರಡು ತಿಂಗಳ ಮಿತಿ, ಏನೇ ಆದರೂ ಆರು ತಿಂಗಳು ದಾಟುವಂತಿಲ್ಲ, ಪರಿಶೀಲನೆಗೆ ಒಂದು ಸಮಿತಿ. ಕೇಳಲು ಚೆನ್ನಾಗಿದೆ. ಆದರೆ ಕೇಂದ್ರ ಸರ್ಕಾರವೊಂದೇ ತಿಂಗಳಿಗೆ 7,500ರಿಂದ 9,000 ಕದ್ದಾಲಿಕೆ ಆದೇಶ ಹೊರಡಿಸುತ್ತದೆ ಎಂದು ಮಾಹಿತಿ ಹಕ್ಕಿನ ಉತ್ತರವೊಂದರಲ್ಲಿ ಹೊರಬಂತು. ಸಮಿತಿ ಸೇರುವುದು ಎರಡು ತಿಂಗಳಿಗೊಮ್ಮೆ. ಅಂದರೆ ಒಂದೊಂದು ಸಭೆಗೆ 15,000ಕ್ಕೂ ಹೆಚ್ಚು ಆದೇಶ. ಇದು ಆಗುವ ಕೆಲಸವಲ್ಲ ಎಂದು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಬರೆಯಿತು.

ಖಾಸಗಿತನದ ಹಕ್ಕನ್ನು ಕೊನೆಗೆ ಗೆದ್ದುಕೊಟ್ಟವರು ನಮ್ಮ ಮಹಾರಾಜ ಕಾಲೇಜಿನಲ್ಲಿ ಓದಿದವರು. ಹೈಕೋರ್ಟಿನಿಂದ ನಿವೃತ್ತರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಖರಕ್ ಸಿಂಗ್ ಕೇಸಿನ ಆ ಮಾತು ಅವತ್ತು ಬಿದ್ದುಹೋಯಿತು.

ಹಕ್ಕು ಸಿಕ್ಕಿತು. ಅದನ್ನು ಮುರಿದಾಗ ನಮಗೆ ತಿಳಿಸಬೇಕು ಎಂಬ ನಿಯಮ ಸಿಗಲಿಲ್ಲ. 2021ರಲ್ಲಿ ಫೋನಿನೊಳಗೆ ನುಸುಳಿ ಕದ್ದು ನೋಡುವ ಪೆಗಾಸಸ್ ಎಂಬ ಕುತಂತ್ರಾಂಶದ ಸುದ್ದಿ ಬಂದಾಗ ಸುಪ್ರೀಂ ಕೋರ್ಟ್, ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಉಸ್ತುವಾರಿಯಲ್ಲಿ ತಪಾಸಣೆ ಮಾಡಿಸಿತು. 29 ಫೋನುಗಳಲ್ಲಿ 5ರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು ಸಮಿತಿ ಹೇಳಿತು. ಅಮೆರಿಕದಲ್ಲೂ ಇದೆಲ್ಲ ನಡೆದಿದೆ. ಮಾರ್ಟಿನ್ ಲೂಥರ್ ಕಿಂಗ್ ಅವರ ಫೋನನ್ನು ಎಫ್‌ಬಿಐ ಕದ್ದು ಕೇಳುತ್ತಿತ್ತು. ಆದರೆ 1975ರಲ್ಲಿ ಅವರ ಸೆನೆಟ್ ಒಂದು ಸಮಿತಿ ಮಾಡಿ, ಆ ಫೈಲುಗಳನ್ನು ತರಿಸಿ, ಜನರ ಮುಂದಿಟ್ಟಿತು. ನಮ್ಮ ಸಂಸತ್ತಿನಲ್ಲಿ ಬೇಹುಗಾರಿಕೆ ಸಂಸ್ಥೆಗಳನ್ನು ಹಾಗೆ ಕೇಳುವ ಸಮಿತಿಯೇ ಇಲ್ಲ.

1885ರ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ, 2024ರ ಡಿಸೆಂಬರಿನಲ್ಲಿ ಕದ್ದಾಲಿಕೆಯ ಹೊಸ ನಿಯಮಗಳೂ ಬಂದಿವೆ. ಹಳೆಯದರಂತೆ ಇದರಲ್ಲೂ ಒಂದು ಸಾಲಿದೆ: ಅಗತ್ಯವಿಲ್ಲದ ದಾಖಲೆಗಳನ್ನು ಆರು ತಿಂಗಳಿಗೊಮ್ಮೆ ನಾಶ ಮಾಡಬೇಕು. ಮಾತಿನ ಧ್ವನಿಮುದ್ರಣ ಅಳಿಸಲಿ, ಒಳ್ಳೆಯದೇ. ಕೇಳಲು ಆದೇಶ ಕೊಟ್ಟವರ ಕಾಗದವೂ ಅದರ ಜೊತೆಗೇ ಹೋಗುತ್ತದೆ. ಆಮೇಲೆ ಯಾರನ್ನು, ಏನೆಂದು ಕೇಳುವುದು?

ಈಚೆಗೆ ಒಂದು ಧರಣಿಯಲ್ಲಿ ಆ ಹಿರಿಯರು ಸಿಕ್ಕಿದ್ದರು. ಮಫ್ತಿಯವರು ಅವತ್ತೂ ಇದ್ದರು, ನೋಟ್‌ಬುಕ್ ಬದಲು ಮೊಬೈಲ್ ಎತ್ತಿ ಮುಖಮುಖ ವಿಡಿಯೊ ಮಾಡಿಕೊಳ್ಳುತ್ತಿದ್ದರು. ಹಿರಿಯರು ಹತ್ತಿರ ಹೋಗಿ, "ಅದುನ್ನ ಯಾರಿಗ್ ಕಳಿಸ್ತೀಯಪ್ಪಾ?" ಎಂದು ಕೇಳಿದರು. ಅವರು ನಕ್ಕು ಮೊಬೈಲ್ ಜೇಬಿಗೆ ಹಾಕಿಕೊಂಡರು.